ಕಲೆಗಿಂತ ಮದ್ದೇ ಭಾರ

ಕೇಳುಗರಿಗೆ ನಮಸ್ಕಾರ. ಬಳ್ಳಾರಿಯಲ್ಲಿ ಸೋಫಾ, ಕುರ್ಚಿ, ಕಾರಿನ ಸೀಟು ತೊಳೆಯುವುದು ನನ್ನ ಕೆಲಸ. ಫೋನ್ ಬಂದರೆ, ಸೋಫಾ ಮೇಲೆ ಏನು ಬಿತ್ತು ಅಂತ ಆಮೇಲೆ ಕೇಳುತ್ತೇನೆ. ಬಿದ್ದ ಮೇಲೆ ಏನೇನು ಹಾಕಿದಿರಿ ಅಂತ ಮೊದಲು ಕೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಆಮೇಲೆ ಒಂದೊಂದೇ ಹೊರಗೆ ಬರುತ್ತದೆ. ಬಟ್ಟೆ ಸೋಪು, ನಿಂಬೆಹಣ್ಣು, ಟೂತ್‌ಪೇಸ್ಟ್, ಕೊನೆಗೆ ಕುದಿಯೋ ನೀರು. ಎಷ್ಟೋ ಸಲ ಕಲೆಗಿಂತ ಈ ಮದ್ದನ್ನು ತೆಗೆಯುವುದೇ ಜಾಸ್ತಿ ಕೆಲಸ.

ನಾನೂ ಕೆಡಿಸಿದವನೇ. ಕೆಲಸ ಶುರು ಮಾಡಿದ ಹೊಸತು. ಒಂದು ಮದುವೆ ಮನೆ. ಅರಿಶಿನ ಶಾಸ್ತ್ರ ಮುಗಿದಿತ್ತು. ಕೆನೆ ಬಣ್ಣದ ಸೋಫಾ ಮೇಲೆ ಅಂಗೈ ಅಗಲ ಹಳದಿ. ನಾನು ಹಿಂದೆ ಮುಂದೆ ನೋಡದೆ ಸೋಪಿನ ನೀರು ಹಾಕಿ ಗಸಗಸ ಉಜ್ಜಿದೆ. ನೋಡ್ತಾ ನೋಡ್ತಾ ಹಳದಿ ಹೋಗಿ ಕೆಂಪಾಯಿತು! ಬಾಗಿಲಲ್ಲಿ ನಿಂತಿದ್ದ ಮದುಮಗಳ ಅಜ್ಜಿ, "ಏನಪ್ಪಾ, ಸೋಫಾಕ್ಕೂ ಆರತಿ ಎತ್ತಿದೆಯಾ?" ಅಂದರು.

ಅಜ್ಜಿ ಹೇಳಿದ್ದು ಸರಿಯಾಗೇ ಇತ್ತು. ಆರತಿ ನೀರಿಗೆ ಅರಿಶಿನ, ಸುಣ್ಣ ಕಲಸಿದರೆ ಕೆಂಪಾಗುತ್ತದಲ್ಲ, ಅದೇ ಇದು. ಸುಣ್ಣದ ಹಾಗೆ ಸೋಪೂ ಕ್ಷಾರ. ಸ್ವಲ್ಪ ವಿನೆಗರ್ ಬೆರೆಸಿದ ನೀರನ್ನು ಬಟ್ಟೆಯಲ್ಲಿ ಅದ್ದಿ ಒತ್ತಿದರೆ ಕೆಂಪು ತಿರುಗಿ ಹಳದಿಗೆ ಬರುತ್ತದೆ. ಆ ಹಳದಿಗೆ ಬಿಸಿಲೇ ಮದ್ದು. ಅರಿಶಿನದ ಬಣ್ಣ ಬಿಸಿಲಿಗೆ ತಾಳುವುದಿಲ್ಲ. ಪುಣ್ಯಕ್ಕೆ ಆ ಸೋಫಾದ ಕವರಿಗೆ ಜಿಪ್ ಇತ್ತು. ಬಿಚ್ಚಿ, ಒದ್ದೆ ಮಾಡಿ, ಮಾಳಿಗೆ ಮೇಲೆ ಹರಡಿದೆ. ನಮ್ಮ ಬಳ್ಳಾರಿ ಬಿಸಿಲನ್ನು ಎಲ್ಲರೂ ಬೈಯುತ್ತಾರೆ, ನಾನು ಮಾತ್ರ ಅವತ್ತಿಂದ ಬೈಯುವುದಿಲ್ಲ. ಎರಡು ದಿನಕ್ಕೆ ಕಲೆ ಹುಡುಕಿದರೂ ಸಿಗಲಿಲ್ಲ. ಆದರೆ ಗಾಢ ಬಣ್ಣದ ಬಟ್ಟೆಗೆ ಈ ಸಾಹಸ ಬೇಡ. ಕಲೆಯ ಜೊತೆ ಬಟ್ಟೆಯ ಬಣ್ಣವೂ ಹೋಗುತ್ತದೆ.

ನಮ್ಮೂರಿಗೇ ಅಂತ ಇರುವ ಕಲೆ ಒಂದಿದೆ. ಜೀನ್ಸಿನ ನೀಲಿ. ಇಲ್ಲಿ ಎಷ್ಟು ಮನೆಗಳಿಗೆ ಜೀನ್ಸ್ ಹೊಲಿಗೆಯೇ ಅನ್ನ ಅಂತ ನಿಮಗೆ ಗೊತ್ತೇ ಇದೆ. ಇಂಡಿಗೊ ಬಣ್ಣ ನೂಲಿನ ಒಳಗಿನವರೆಗೂ ಇಳಿಯುವುದಿಲ್ಲ, ಮೇಲೆ ಮೇಲೆ ಕೂತಿರುತ್ತದೆ. ಹೊಸ ಪ್ಯಾಂಟ್, ಬೇಸಿಗೆ ಬೆವರು, ಬಿಳಿ ಸೋಫಾ ಮೂರೂ ಸೇರಿದರೆ ಮುಗೀತು. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಒಂದು ಲೋಟ ತಣ್ಣೀರು, ಒಂದು ಬಿಳಿ ಬಟ್ಟೆ ತಗೊಳ್ಳಿ. ಬಟ್ಟೆ ಬಿಳಿಯೇ ಇರಲಿ, ಇಲ್ಲದಿದ್ದರೆ ಅದರ ಬಣ್ಣವೂ ಸೋಫಾಕ್ಕೆ ಹತ್ತುತ್ತದೆ. ಕಲೆಯ ಅಂಚಿನಿಂದ ನಡುವಿಗೆ ಬನ್ನಿ. ಒತ್ತಬೇಕು, ಎತ್ತಬೇಕು. ಉಜ್ಜಬಾರದು. ಎತ್ತಿದಾಗ ಬಟ್ಟೆ ಮೇಲೆ ತಿಳಿನೀಲಿ ಕಾಣುತ್ತದೆ. ಮಗ್ಗಲು ಬದಲಿಸಿ ಮತ್ತೆ ಒತ್ತಿ. ನೀಲಿ ಬರುವುದು ನಿಲ್ಲುವ ತನಕ ಇದೇ ಕೆಲಸ. ಬೇಜಾರಿನ ಕೆಲಸ, ಒಪ್ಪುತ್ತೇನೆ.

ಸಂಡೂರು, ತೋರಣಗಲ್ಲು ಕಡೆ ಹೋದರೆ ಕೆಂಧೂಳು. ಅದಿರಿನ ಲಾರಿ ಓಡಾಡುವ ರಸ್ತೆ ಪಕ್ಕದ ಮನೆ ಅಂದರೆ ಕೇಳಲೇಬೇಡಿ. ಅದಕ್ಕೆ ಒದ್ದೆ ಬಟ್ಟೆ ತಾಗಿಸಲೇಬೇಡಿ. ಒಣಗಿದ್ದಾಗಲೇ ವ್ಯಾಕ್ಯೂಮ್ ಹಿಡಿಯಿರಿ, ಇಲ್ಲವೇ ಮೆತ್ತನೆ ಬ್ರಷ್‌ನಲ್ಲಿ ಕೊಡವಿ. ನೀರು ಬಿತ್ತೋ, ಧೂಳು ಕೆಸರಾಗಿ ಒಳಗೆ ಇಳಿಯುತ್ತದೆ.

ಇನ್ನೊಂದು ದೂರು ತಿಂಗಳಿಗೊಮ್ಮೆಯಾದರೂ ಕೇಳುತ್ತೇನೆ. "ನೀವು ತೊಳೆದಾಗ ಹೋಗಿತ್ತು, ಬೆಳಿಗ್ಗೆ ಎದ್ದು ನೋಡಿದ್ರೆ ಮತ್ತೆ ಬಂದಿದೆ ಸಾರ್." ಮೋಸ ಅಂತ ಅವರ ಅನುಮಾನ. ಚಹಾ ಚೆಲ್ಲಿದರೆ ಮೇಲಿನ ಬಟ್ಟೆಯಲ್ಲಿ ನಿಲ್ಲುತ್ತದೆಯೇ? ಕೆಳಗಿನ ಫೋಮ್ ತನಕ ಇಳಿದಿರುತ್ತದೆ. ತೊಳೆದ ಮೇಲೆ ಮೇಲ್ಗಡೆ ಮೊದಲು ಒಣಗುತ್ತದೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಬಟ್ಟೆ ಕೆಳಗಿನ ನೀರನ್ನು ಎಳೆಯುತ್ತದೆ, ನೀರಿನ ಜೊತೆ ಕಲೆಯೂ ಹತ್ತಿ ಬರುತ್ತದೆ. ಅದಕ್ಕೇ ನೀರು ಕಡಿಮೆ ಬಳಸಬೇಕು. ತೊಳೆದ ಜಾಗದ ಮೇಲೆ ಒಣ ಬಿಳಿ ಟವೆಲ್ ಮಡಚಿಟ್ಟು, ಮೇಲೊಂದು ತಟ್ಟೆ, ಅದರ ಮೇಲೆ ಅಕ್ಕಿ ಡಬ್ಬಿ ಇಟ್ಟು ರಾತ್ರಿಯೆಲ್ಲಾ ಬಿಡಿ. ಬರುವ ಕಲೆ ಟವೆಲ್ಲಿಗೆ ಬರುತ್ತದೆ. ನಾನು ಈಗ ಹೊರಡುವ ಮುಂಚೆ ನಾನೇ ಡಬ್ಬಿ ಕೇಳಿ ಇಟ್ಟು ಬರುತ್ತೇನೆ.

ರಕ್ತ, ಹಾಲು ಬಿದ್ದರೆ ತಣ್ಣೀರು ಮಾತ್ರ. ಬಿಸಿನೀರು ತಾಗಿದರೆ ಮೊಟ್ಟೆ ಬೆಂದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಮಿರ್ಚಿ ಎಣ್ಣೆಗೆ, ತಲೆ ಒರಗುವ ಜಾಗದ ಕೊಬ್ಬರಿ ಎಣ್ಣೆಗೆ ಮುಖದ ಪೌಡರ್ ಸುರಿದು ಅರ್ಧ ಗಂಟೆ ಬಿಡಿ, ಆಮೇಲೆ ಕೊಡವಿ. ಏನೇ ಹಾಕುವುದಿದ್ದರೂ ಮೊದಲು ಸೋಫಾದ ಹಿಂಭಾಗದಲ್ಲಿ, ಕಾಣದ ಕಡೆ ಒಂದು ಹನಿ ಹಾಕಿ ನೋಡಿ. ಬ್ಲೀಚಿಂಗ್ ಮತ್ತು ಬಾತ್‌ರೂಮಿನ ಆಸಿಡ್ ಎರಡನ್ನೂ ಯಾವತ್ತೂ ಬೆರೆಸಬೇಡಿ. ಕ್ಲೋರಿನ್ ಗ್ಯಾಸ್ ಏಳುತ್ತದೆ, ಅದು ಪ್ರಾಣಕ್ಕೇ ಅಪಾಯ.

ಇಷ್ಟೆಲ್ಲಾ ಹೇಳಿದ ಮೇಲೆ ಒಂದು ಸೋಲನ್ನೂ ಹೇಳಿಬಿಡುತ್ತೇನೆ. ರೆಕ್ಸಿನ್ ಸೋಫಾ ಮೇಲೆ ಮಕ್ಕಳು ಬಾಲ್‌ಪೆನ್ನಿನಲ್ಲಿ ಬರೆದು ವರ್ಷವಾಗಿರುತ್ತದೆ. ಶಾಯಿ ರೆಕ್ಸಿನ್ ಒಳಗೇ ಹೋಗಿ ಕೂತಿರುತ್ತದೆ. ಜೋರಾಗಿ ಸ್ಪಿರಿಟ್ ಹಾಕಿದರೆ ಮೇಲಿನ ಹೊಳಪು ಏಳುತ್ತದೆ, ಅಕ್ಷರ ಹಾಗೇ ಇರುತ್ತದೆ. ಹೋದ ವಾರ ಅಂಥ ಒಂದು ಮನೆಗೆ ಹೋಗಿದ್ದೆ. ಸೋಫಾದ ಕೈ ಮೇಲೆ ಅ ಆ ಇ ಈ, ಸಾಲಾಗಿ, ಅಚ್ಚುಕಟ್ಟಾಗಿ. ಅರ್ಧ ಗಂಟೆ ಒದ್ದಾಡಿ, ದುಡ್ಡು ಬೇಡಕ್ಕಾ, ಮೇಲೊಂದು ಟವೆಲ್ ಹಾಕಿ ಅಂದೆ. ಅವರು ಚಹಾ ಕೊಟ್ಟರು. ಸೋಫಾ ಮೇಲೆ ಚೆಲ್ಲದ ಹಾಗೆ ನಿಂತುಕೊಂಡೇ ಕುಡಿದೆ. ನಮಸ್ಕಾರ.