ಮೊದಲು ನಂಬರು, ಆಮೇಲೆ ಬೆಲೆ

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದ ಅಶ್ವದಳದ ಸವಾರರು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಹಳೆಯ ಕೋಲ್ಟ್ ರಿವಾಲ್ವರನ್ನು ಕೊಳ್ಳಬೇಕು ಅಂತ ಆಸೆ ಇಟ್ಟುಕೊಂಡವರಿಗಾಗಿ ಇವತ್ತಿನ ಮಾತು. ನಾನು ಹೇಳುವುದು ಒಂದೇ ವಿಷಯ: ನಂಬರು ನೋಡಿ. ನಂಬರು ಅಂದರೆ ಕಾರ್ಖಾನೆಯವರು ಒಂದೊಂದು ರಿವಾಲ್ವರಿಗೂ ಕೊಟ್ಟು, ಅದರ ಬೇರೆಬೇರೆ ಭಾಗಗಳ ಮೇಲೆ ಹಾಕಿದ ಸೀರಿಯಲ್ ನಂಬರು. ಎಲ್ಲ ಭಾಗದಲ್ಲೂ ಅದು ಒಂದೇ ಇರಬೇಕು. ಬಣ್ಣ, ಹೊಳಪು, ಮಾರುವವನ ಬಾಯಲ್ಲಿ ಬರುವ ಕಥೆ, ಎಲ್ಲ ಆಮೇಲೆ.

1873ರಲ್ಲಿ ಅಮೆರಿಕದ ಸೈನ್ಯ ಕೋಲ್ಟ್ ಕಂಪನಿಯ ಸಿಂಗಲ್ ಆ್ಯಕ್ಷನ್, ಅಂದರೆ ಪ್ರತಿ ಗುಂಡಿಗೂ ಹಿಂದಿನ ಹ್ಯಾಮರನ್ನು ಕೈಯಿಂದ ಎಳೆಯಬೇಕಾದ, ರಿವಾಲ್ವರನ್ನು ಒಪ್ಪಿಕೊಂಡಿತು. ಮೊದಲ ಗುತ್ತಿಗೆಯೇ 8,000ದ್ದು. ಆರು ಗುಂಡು, .45 ಇಂಚಿನ ಗುಂಡಿನ ಅಳತೆ, ಏಳೂವರೆ ಇಂಚಿನ ನಳಿಗೆ. ಚೌಕಟ್ಟಿನ ಎಡಬದಿಯಲ್ಲಿ ಯು.ಎಸ್. ಎಂಬ ಎರಡು ಅಕ್ಷರ. ಸಂಗ್ರಾಹಕರು 'ಕ್ಯಾವಲ್ರಿ ಮಾಡೆಲ್' ಅನ್ನುವುದು ಇದನ್ನೇ. ಯು.ಎಸ್. ಅಕ್ಷರ ಕಂಡ ಕೂಡಲೇ ಜೇಬಿಗೆ ಕೈ ಹಾಕುವವರು ಬಹಳ. ತಾಳಿ. ಆ ಎರಡು ಅಕ್ಷರ ಒತ್ತುವುದಕ್ಕೆ ಒಂದು ಅಚ್ಚು, ಒಂದು ಸುತ್ತಿಗೆ ಸಾಕು.

ನಂಬರು ಎಲ್ಲೆಲ್ಲಿದೆ? ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರನ್ನು ಸುತ್ತಿದ ಲೋಹದ ಬಳೆಯ, ಮುಂದೆ, ಚೌಕಟ್ಟಿನ ತಳದಲ್ಲಿ ಒಂದು. ಟ್ರಿಗರ್ ಗಾರ್ಡಿನ ಮೇಲೆ ಒಂದು. ಹಿಡಿಯ ಬುಡದಲ್ಲಿ, ಹಿಂಪಟ್ಟಿಯ, ಅಂದರೆ ಹಿಡಿಯ ಹಿಂಬದಿಯ ಲೋಹದ ಪಟ್ಟಿಯ, ಮೇಲೆ ಒಂದು. ಈ ಮೂರನ್ನು ಎಲ್ಲರೂ ನೋಡುತ್ತಾರೆ, ನಕಲಿ ಮಾಡುವವನಿಗೂ ಅದು ಗೊತ್ತು. ನೀವು ನೋಡಬೇಕಾದದ್ದು ಉಳಿದವನ್ನು: ಗುಂಡು ತುಂಬುವ, ತಿರುಗುವ ಸಿಲಿಂಡರಿನ ಮೇಲಿನದು, ನಳಿಗೆಯ ತಳದ್ದು, ಮರದ ಹಿಡಿಯ ಒಳಮೈಯಲ್ಲಿ ಶಾಯಿಯಲ್ಲಿ ಬರೆದದ್ದು. ಸಿಲಿಂಡರಿನಲ್ಲಿ ಕೊನೆಯ ನಾಲ್ಕು ಅಂಕಿಯಷ್ಟೇ ಇದ್ದರೂ ಸರಿಯೇ.

ನೋಡುವುದು ಹೀಗೆ. ಹ್ಯಾಮರನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ. ಗುಂಡು ತುಂಬಲು ಬಲಬದಿಯಲ್ಲಿರುವ ಗೇಟು ತೆರೆದು, ಸಿಲಿಂಡರ್ ತಿರುಗಿಸುತ್ತ ಆರೂ ಕೋಣೆ ಖಾಲಿ ಇದೆಯೇ ಅಂತ ಎಣಿಸಿ. ಆರೂ ಅಂದರೆ ಆರೂ. ಚೌಕಟ್ಟಿನ ಮುಂಭಾಗದಲ್ಲಿ ಒಂದು ಸಣ್ಣ ಸ್ಕ್ರೂ ಇದೆ, ಅದನ್ನು ಸಡಿಲಿಸಿದರೆ ಸಿಲಿಂಡರಿನ ನಡುವೆ ತೂರಿರುವ ನಡುಕಡ್ಡಿ ಮುಂದಕ್ಕೆ ಬರುತ್ತದೆ, ಸಿಲಿಂಡರ್ ಬಲಕ್ಕೆ ಕೈಗೆ ಬೀಳುತ್ತದೆ. ಮುಂದೆ ಸ್ಕ್ರೂ ಇಲ್ಲದೆ ಅಡ್ಡಕ್ಕೆ ಒತ್ತುವ ಗುಂಡಿ ಇದ್ದರೆ ಆ ಚೌಕಟ್ಟು ಅಶ್ವದಳದ ಕಾಲದ್ದಲ್ಲ, ಕೆಳಗಿಡಿ. ಆಮೇಲೆ ನಳಿಗೆಯ ಪಕ್ಕದ ಎಜೆಕ್ಟರ್ ಕೊಳವೆ, ಖಾಲಿ ತೋಟಾ ಹೊರತಳ್ಳುವ ಕಡ್ಡಿ ಇರುವುದು ಅದರಲ್ಲೇ. ಅದನ್ನು ಹಿಡಿದಿರುವುದು ಒಂದೇ ಸ್ಕ್ರೂ. ಬಿಚ್ಚಿದರೆ ಕೊಳವೆಯ ಅಡಿಯಲ್ಲಿ ನಳಿಗೆಯ ನಂಬರು. ಸ್ಕ್ರೂಡ್ರೈವರಿನ ಮೊನೆ ಸೀಳಿನಲ್ಲಿ ಅಲುಗಾಡದೆ ಕೂರಬೇಕು. ಸಡಿಲ ಮೊನೆ ಹಾಕಿ ತಿರುಗಿಸಿದರೆ ನೂರೈವತ್ತು ವರ್ಷದ ಸ್ಕ್ರೂತಲೆ ಒಂದೇ ಕ್ಷಣದಲ್ಲಿ ಕಿತ್ತುಹೋಗುತ್ತದೆ. ಹಿಡಿ ಬಿಚ್ಚುವ ಸಾಹಸ ಅಂಗಡಿಯಲ್ಲಿ ಬೇಡ. ಅದು ಒಂದೇ ತುಂಡಿನ ವಾಲ್ನಟ್ ಮರ, ಅಂಚು ಸಿಡಿಯುತ್ತದೆ.

ನಂಬರಿಗೆ ಇಷ್ಟೊಂದು ಬೆಲೆ ಏಕೆ ಅಂತ ಕೇಳುವವರಿಗೆ ಇರುವ ಕಥೆ ಇದು. 1892ರಲ್ಲಿ ಸೈನ್ಯಕ್ಕೆ .38ರ ಹೊಸ ಕೋಲ್ಟ್ ಬಂತು, ಹಳೆಯ .45ಗಳು ಉಗ್ರಾಣ ಸೇರಿದವು. 1895ರ ಹೊತ್ತಿಗೆ ಅವನ್ನು ದುರಸ್ತಿಗೆ ತೆಗೆದರು. ನಳಿಗೆಯನ್ನು ಏಳೂವರೆಯಿಂದ ಐದೂವರೆ ಇಂಚಿಗೆ ಕತ್ತರಿಸಿದರು. ಸಾವಿರಾರು ರಿವಾಲ್ವರುಗಳನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಯಾರ ಸಿಲಿಂಡರ್ ಯಾರಿಗೆ, ಯಾರ ಹಿಂಪಟ್ಟಿ ಯಾರಿಗೆ ಅಂತ ಯಾರೂ ನೋಡಲಿಲ್ಲ. ಮದುವೆಮನೆ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ. ಸೈನಿಕನಿಗೆ ಗುಂಡು ಹಾರಿದರೆ ಸಾಕಿತ್ತು, ನಂಬರು ಯಾರಿಗೆ ಬೇಕಿತ್ತು? ಮುಂದೆ ಫಿಲಿಪ್ಪೀನ್ಸ್‌ನಲ್ಲಿ ಮೋರೋ ಎಂಬ ಅಲ್ಲಿನ ಮುಸ್ಲಿಂ ಹೋರಾಟಗಾರರನ್ನು .38ರ ಗುಂಡು ತಡೆಯಲಾರದು ಅನ್ನಿಸಿದಾಗ ಈ ಮೋಟು .45ಗಳೇ ಮತ್ತೆ ಕೆಲಸಕ್ಕೆ ಬಂದವು. ಇವಕ್ಕೆ ಸಂಗ್ರಾಹಕರು ಇಟ್ಟ ಹೆಸರು 'ಆರ್ಟಿಲರಿ ಮಾಡೆಲ್'. ನಂಬರು ಕಲಸಿಹೋಗಿದ್ದರೂ ಅವು ಅಸಲಿ ಮಾಲೇ, ಬೆಲೆ ಮಾತ್ರ ಕಡಿಮೆ. ಮೋಸ ಶುರುವಾಗುವುದು ಇಲ್ಲಿಂದ. ಒಂದು ಆರ್ಟಿಲರಿ ತಂದು, ಮೋಟು ನಳಿಗೆ ತೆಗೆದು, ಏಳೂವರೆ ಇಂಚಿನದು ತಿರುಗಿಸಿ ಕೂರಿಸಿ 'ಕ್ಯಾವಲ್ರಿ' ಅಂತ ಮಾರುತ್ತಾರೆ. ಹೊರಗಿಂದ ನೋಡಿದರೆ ಕುಂದೇ ಕಾಣದು. ಎಜೆಕ್ಟರ್ ಕೊಳವೆ ಬಿಚ್ಚಿ, ನಳಿಗೆಯ ತಳ ನೋಡಿ: ಒಂದೋ ನಂಬರೇ ಇರುವುದಿಲ್ಲ, ಇಲ್ಲವೇ ಚೌಕಟ್ಟಿನದಕ್ಕೂ ಅದಕ್ಕೂ ತಾಳೆಯಾಗುವುದಿಲ್ಲ.

ಹಿಡಿಯ ಮರದ ಮೇಲೆ, ಸೈನ್ಯದ ಪರವಾಗಿ ರಿವಾಲ್ವರನ್ನು ಪರೀಕ್ಷಿಸಿದ ತನಿಖಾಧಿಕಾರಿ ಒತ್ತಿದ ಮುದ್ರೆಯೂ ಸಾಕ್ಷಿ ಹೇಳುತ್ತದೆ. ಮೊದಲ ವರ್ಷಗಳದ್ದು ಆರ್ವಿಲ್ ಏನ್ಸ್‌ವರ್ತ್ ಮುದ್ರೆ, ಒ.ಡಬ್ಲ್ಯು.ಎ. 1880ರ ದಶಕದಲ್ಲಿ ಡೇವಿಡ್ ಕ್ಲಾರ್ಕ್, ಡಿ.ಎಫ್.ಸಿ. ದುರಸ್ತಿಯ ಕಾಲದ್ದು ರಿನಾಲ್ಡೊ ಕಾರ್, ಆರ್.ಎ.ಸಿ. ಚೌಕಟ್ಟಿನ ನಂಬರು 1870ರ ದಶಕದ್ದಾಗಿ ಹಿಡಿಯ ಮೇಲೆ ಕಾರ್ ಮುದ್ರೆ ಇದ್ದರೆ, ಏನಾಗಿದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು, ಇದು ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಏಳನೇ ಅಶ್ವದಳದ್ದು, ಮೂಲನಿವಾಸಿಗಳ ಕೈಯಲ್ಲಿ ಅವನು ಸತ್ತ 1876ರ ಲಿಟಲ್ ಬಿಗ್‌ಹಾರ್ನ್ ಕಾಳಗ ಕಂಡದ್ದು ಎನ್ನುವವರು. ಅಲ್ಲಿ ಹೋರಾಡಿದ್ದು ಕೆಲವೇ ನೂರು ಸವಾರರು. ಮಾರಾಟಕ್ಕೆ ಬರುವ ಕಥೆಗಳನ್ನೆಲ್ಲ ನಂಬಿದರೆ ಒಬ್ಬೊಬ್ಬನೂ ಹತ್ತು ರಿವಾಲ್ವರ್ ಹೊತ್ತಿರಬೇಕು! ಕಥೆಗೆ ಕಾಸು ಕೊಡಬೇಡಿ. ನಂಬರು ನೋಡಿ.

ನಂಬರನ್ನೇ ತಿದ್ದಿದ್ದರೆ? ಭೂತಗನ್ನಡಿ ಹಿಡಿದು, ಟಾರ್ಚ್ ಬೆಳಕನ್ನು ಓರೆಯಾಗಿ ಬಿಡಿ. ಹಳೆ ಅಂಕಿಯನ್ನು ಉಜ್ಜಿ ತೆಗೆದ ಜಾಗ ತುಸು ತಗ್ಗಾಗಿರುತ್ತದೆ, ತಟ್ಟೆಯ ನಡುವಿನ ಹಾಗೆ. ಹೊಸದಾಗಿ ಒತ್ತಿದ ಅಂಕಿಯ ಸುತ್ತ ಲೋಹ ಉಬ್ಬಿ, ಅಂಚು ಬೆರಳಿಗೆ ಚುರುಕಾಗಿ ತಾಗುತ್ತದೆ. ಸ್ಕ್ರೂ ತೂತಿನ ಬಾಯಿ ಅಗಲವಾಗಿ ಬಟ್ಟಲಿನಂತೆ ಆಗಿದ್ದರೆ ಯಾರೋ ಯಂತ್ರಕ್ಕೆ ಕೊಟ್ಟು ಪಾಲಿಶ್ ಮಾಡಿಸಿದ್ದಾರೆ.

ಪಾಲಿಶ್ ಅಂದೆನಲ್ಲ, ದಯವಿಟ್ಟು ನೀವೂ ಮಾಡಬೇಡಿ. ಅಜ್ಜಿಯ ಹಿತ್ತಾಳೆ ಚೆಂಬಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸವಲ್ಲ ಇದು. ಕಂದುಗಟ್ಟಿದ ಮೈಯೇ ಅದರ ಬೆಲೆ. ಹತ್ತಿ ಬಟ್ಟೆಗೆ ಎರಡು ಹನಿ ತೆಳು ಎಣ್ಣೆ ಹಾಕಿ ಒರೆಸಿ, ಅಷ್ಟೇ. ಚರ್ಮದ ಚೀಲದೊಳಗೆ ಇಟ್ಟು ಮರೆಯಬೇಡಿ, ಚರ್ಮ ತೇವ ಹೀರಿ ತುಕ್ಕು ಹಿಡಿಸುತ್ತದೆ. ಇಂದಿನ ತೋಟಾ ಹಾಕಿ ಹಾರಿಸುವುದಂತೂ ಬೇಡವೇ ಬೇಡ. ಇವು ಕರಿಮದ್ದಿನ ಕಾಲದ ಉಕ್ಕು.

ಅದೇ ಕಾಲದಲ್ಲಿ ಸೈನ್ಯ ಕೊಂಡ ಇನ್ನೊಂದು ರಿವಾಲ್ವರ್, ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಸ್ಕೋಫೀಲ್ಡ್ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಸಮಯ ಮುಗಿಯುತ್ತಿದೆ. ಒಂದೇ ಮಾತು: ಅದರ ಸೈನ್ಯದ ನಳಿಗೆ ಏಳು ಇಂಚು. ಐದು ಇಂಚಿನದಾಗಿ ಬೆಳ್ಳಿಯಂತೆ ಹೊಳೆಯುತ್ತಿದ್ದರೆ ಸೈನ್ಯ ಮಾರಿದ ಮೇಲೆ ವ್ಯಾಪಾರಿಗಳು ಕತ್ತರಿಸಿ ನಿಕಲ್ ಹೊಡೆಸಿದ್ದು. ಅದಕ್ಕೂ ನಂಬರು ಇದೆ. ಕೋಲ್ಟಿನ ಎಜೆಕ್ಟರ್ ಕೊಳವೆಯ ಆ ಒಂದು ಸ್ಕ್ರೂ ಬಿಚ್ಚಿ ನೋಡಲು ಬಿಡದ ಮಾರಾಟಗಾರನಿಗೆ ಕೈಮುಗಿದು ಪಕ್ಕದ ಮೇಜಿಗೆ ನಡೆಯಿರಿ. ನಮಸ್ಕಾರ.