ಬಿಪಿ ಏರಿಸುವ ಹಾರ್ಮೋನಿಗೆ ಕಣ್ಣಲ್ಲೇನು ಕೆಲಸ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮಂಡ್ಯ ಕಡೆಯ ಎಷ್ಟೋ ಮನೆಗಳಲ್ಲಿ ಶುಗರ್ ಮಾತ್ರೆ, ಬಿಪಿ ಮಾತ್ರೆ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ. ಕಣ್ಣು ಮಂಜಾದಾಗ ಮಾತ್ರ ಆ ಡಬ್ಬಿಯ ನೆನಪೇ ಬರುವುದಿಲ್ಲ. 'ಪೊರೆ ಬಂದಿರಬೇಕು, ಕ್ಯಾಂಪ್ ಹಾಕಿದಾಗ ನೋಡೋಣ' ಅಂದು ಸುಮ್ನಾಗುತ್ತೇವೆ. ಪೊರೆಯೇ ಇರಬಹುದು. ಆದರೆ ತೊಂದರೆ ಇನ್ನೂ ಒಳಗೆ, ರೆಟಿನಾ ಅನ್ನುವ ಹಿಂದಿನ ಪರದೆಯಲ್ಲಿದ್ದರೆ?

ಬಿಪಿಯ ಕಥೆ ಶುರುವಾಗುವುದು ಕಿಡ್ನಿಯಲ್ಲಿ. 1898ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸ್ವೀಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿಗಳಾದ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಕಿಡ್ನಿಯಿಂದ ತೆಗೆದ ರಸವನ್ನು ಬೇರೆ ಮೊಲಕ್ಕೆ ಚುಚ್ಚಿದರು. ಅದರ ರಕ್ತದೊತ್ತಡ ಏರಿತು. ಆ ರಸದಲ್ಲಿದ್ದ ವಸ್ತುವಿಗೆ ರೆನಿನ್ ಎಂದು ಹೆಸರಿಟ್ಟರು. ಲಿವರ್ ತಯಾರಿಸುವ ಒಂದು ಪ್ರೋಟೀನನ್ನು ರೆನಿನ್ ಕತ್ತರಿಸುತ್ತದೆ. ಆ ತುಂಡನ್ನು ಎಸಿಇ ಎಂಬ ಕಿಣ್ವ ಮತ್ತೆ ಕತ್ತರಿಸಿದರೆ ಆಂಜಿಯೊಟೆನ್ಸಿನ್-2 ಎಂಬ ಹಾರ್ಮೋನು ಹುಟ್ಟುತ್ತದೆ. ಅದು ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಮೈಯಲ್ಲಿ ಉಪ್ಪು ನೀರು ಉಳಿಸುತ್ತದೆ. ವಾಂತಿಭೇದಿಯಾದಾಗ ಜೀವ ಹಿಡಿದು ನಿಲ್ಲಿಸುವುದೂ ಇದೇ. ಹಾಗಾಗಿ ಇದನ್ನು ಬರೀ ಶತ್ರು ಅನ್ನುವಂತಿಲ್ಲ.

ಕುತೂಹಲದ ಸಂಗತಿಯೆಂದರೆ, ಈ ವ್ಯವಸ್ಥೆಯ ಭಾಗಗಳು ಕಣ್ಣಿನೊಳಗೂ ಇವೆ. ಸಕ್ಕರೆ ಕಾಯಿಲೆಯಿಂದ ರೆಟಿನಾ ತೀರಾ ಕೆಟ್ಟವರ ಕಣ್ಣಿನ ದ್ರವದಲ್ಲಿ ರೆನಿನ್ನಿನ ಮೂಲರೂಪ ಜಾಸ್ತಿ ಸಿಕ್ಕಿದೆ. ಅಲ್ಲಿ ಆಂಜಿಯೊಟೆನ್ಸಿನ್-2 ಹೆಚ್ಚಾದರೆ ಉರಿಯೂತ ಬರುತ್ತದೆ, ಹೊಸ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಕೂಡ ಹೆಚ್ಚುತ್ತದೆ. ನಾಲೆಯ ಏರಿ ಜಿನುಗಿದರೆ ಪಕ್ಕದ ಗದ್ದೆ ಜೌಗಾಗುತ್ತದಲ್ವಾ, ಹಾಗೆ ನಾಳಗಳು ಸೋರಿ ರೆಟಿನಾ ಊದಿಕೊಳ್ಳುತ್ತದೆ. ಹೊಸದಾಗಿ ಬೆಳೆದ ನಾಳಗಳು ಬಲವಿಲ್ಲದವು. ಒಡೆದರೆ ಕಣ್ಣಿನೊಳಗೇ ರಕ್ತ.

ಹಾಗಾದರೆ ಎನಲಾಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ಕಣ್ಣಿಗೂ ಮದ್ದೇ? ಅವು ತಡೆಯುವುದು ಇದೇ ವ್ಯವಸ್ಥೆಯನ್ನು, ಹಾಗಾಗಿ ಆಸೆ ಹುಟ್ಟುವುದು ಸಹಜ. 2008ರಲ್ಲಿ ಇದೇ ಬಗೆಯ ಕ್ಯಾಂಡೆಸಾರ್ಟಾನ್ ಮಾತ್ರೆಯ ಬಗ್ಗೆ ಬಂದ ದೊಡ್ಡ ಪರೀಕ್ಷೆಗಳ ಫಲ ಮಿಶ್ರವಾಗಿತ್ತು. ಟೈಪ್ 2 ಸಕ್ಕರೆ ಕಾಯಿಲೆಯವರಲ್ಲಿ ಆ ಮಾತ್ರೆ ನುಂಗಿದವರಿಗೆ ಆರಂಭದ ರೆಟಿನಾ ತೊಂದರೆ ಹಿಂದೆ ಸರಿದದ್ದು ಹೆಚ್ಚು. ಟೈಪ್ 1ರಲ್ಲಿ ಆಗಲೇ ಇದ್ದ ತೊಂದರೆ ಮುಂದುವರಿಯುವುದು ನಿಲ್ಲಲಿಲ್ಲ. ಬ್ರಿಟನ್ನಿನಲ್ಲಿ ಶುಗರ್ ಇದ್ದವರ ಮೇಲೆ ನಡೆದ ಪರೀಕ್ಷೆಯಿಂದ 1998ರಲ್ಲಿ ಬಂದ ಫಲಿತಾಂಶ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಲ್ಲಿ ರೆಟಿನಾ ಕೆಡುವುದು ಶೇಕಡಾ 34ರಷ್ಟು ಕಡಿಮೆಯಾಗಿತ್ತು. ಎಸಿಇ ತಡೆಯುವ ಕ್ಯಾಪ್ಟೊಪ್ರಿಲ್ ಕೊಟ್ಟರೂ, ಬೇರೆ ದಾರಿ ಹಿಡಿಯುವ ಅಟೆನೊಲಾಲ್ ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಲಾಭ. ಅಂದರೆ ಮೊದಲು ಬಿಪಿ ಇಳಿಯಬೇಕು, ಯಾವ ಮಾತ್ರೆ ಅನ್ನುವುದು ಆಮೇಲೆ.

ಪಕ್ಕದ ಮನೆಯವರ ಮಾತ್ರೆ ಕೇಳಿ ನುಂಗಬೇಡಿ. ಹೆಸರಿನ ಕೊನೆಗೆ ಪ್ರಿಲ್, ಸಾರ್ಟಾನ್ ಬರುವ ಈ ಮಾತ್ರೆಗಳು ಗರ್ಭಿಣಿಯರಿಗೆ ಸಲ್ಲವು; ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಗೆ ಪೆಟ್ಟಾಗುತ್ತದೆ. ಶುಗರ್ ಇದ್ದವರು, ಕಣ್ಣು ಚೆನ್ನಾಗಿ ಕಂಡರೂ, ವರ್ಷಕ್ಕೊಮ್ಮೆ ರೆಟಿನಾ ತೋರಿಸಿ. ಪರೀಕ್ಷೆಗೆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ. ಬೈಕ್ ಓಡಿಸಬೇಡಿ, ಜೊತೆಗೊಬ್ಬರು ಇರಲಿ. ಬಿಪಿ ಮಾತ್ರೆಯ ಚೀಟಿಯನ್ನೂ ಆ ಡಾಕ್ಟರಿಗೆ ತೋರಿಸಿ. ನಮಸ್ಕಾರ.