ಕಟ್ಟು ಚೆಲ್ಲಬೇಡಿ: ಕ್ಯೂಬಾದ ಪೋರ್ಕ್ ಊಟದ ಬಗ್ಗೆ ನನ್ನ ಮಾತು

ಕ್ಯೂಬಾ ಶೈಲಿಯ ಊಟ ಅಂತ ಯಾವ ವಿಡಿಯೋ ತೆಗೆದರೂ ಮುಕ್ಕಾಲು ಭಾಗ ಪೋರ್ಕೇ ಇರುತ್ತದೆ. ಬೆಳ್ಳುಳ್ಳಿ ಹಚ್ಚೋದು, ಓವನ್‌ನಿಂದ ತೆಗೆಯೋದು, ಚರ್ಮ ಕರುಂಕುರುಂ ಅನ್ನೋದನ್ನು ಮೈಕ್ ಹತ್ತಿರ ಹಿಡಿದು ಕೇಳಿಸೋದು. ಆಮೇಲೆ ಕಪ್ಪು ಬೀನ್ಸ್ ಡಬ್ಬಿ ಒಡೆದು, ಜರಡಿಗೆ ಸುರಿದು, ನಲ್ಲಿ ಕೆಳಗೆ ಚೆನ್ನಾಗಿ ತೊಳೆದು, ಬೇರೆ ಬೇಯಿಸಿಟ್ಟ ಬಿಳಿ ಅನ್ನಕ್ಕೆ ಕಲಸಿ, ಮೇಲೆ ಕೊತ್ತಂಬರಿ ಉದುರಿಸಿ ಮುಗಿಸಿಬಿಡುತ್ತಾರೆ. ನನಗೆ ಇದು ಸ್ವಲ್ಪವೂ ಒಪ್ಪಿಗೆ ಇಲ್ಲ. ಆ ಊಟದ ರುಚಿಯೆಲ್ಲ ಇರೋದು ಅವರು ಸಿಂಕಿಗೆ ಬಿಟ್ಟ ಕಪ್ಪು ನೀರಿನಲ್ಲಿ.

ನಾವು ಅದಕ್ಕೆ ಕಟ್ಟು ಅಂತೀವಿ. ಹುರುಳಿ ಕಟ್ಟಿನ ಸಾರು ಮಾಡುವವರಿಗೆ, ಸೊಪ್ಪು ಕಾಳು ಬೇಯಿಸಿ ಬಸಿದು ಬಸ್ಸಾರು ಮಾಡುವವರಿಗೆ ಕಾಳು ಬೆಂದ ನೀರಿನ ಬೆಲೆ ಹೇಳಿಕೊಡಬೇಕಾ? ಆದರೂ ಹೊರದೇಶದ ಅಡುಗೆ ಅಂದ ಕೂಡಲೇ ನಾವು ಗೊತ್ತಿರೋದನ್ನೂ ಬದಿಗಿಟ್ಟು ಡಬ್ಬಿ ಹುಡುಕಲು ಹೋಗುತ್ತೇವೆ.

ಕ್ಯೂಬಾದಲ್ಲಿ ಪೋರ್ಕ್ ಹಬ್ಬದ ಅಡುಗೆ. ಡಿಸೆಂಬರ್ 24ರ ರಾತ್ರಿಯನ್ನು ನೋಚೆಬುವೇನಾ ಅಂತಾರೆ, ಅವತ್ತು ಹಂದಿ ಸುಡುವುದು ಪದ್ಧತಿ. ಆದರೆ 1969ರಲ್ಲಿ ಕಬ್ಬಿನ ಕಟಾವಿಗೆ ಅಡ್ಡಿಯಾಗುತ್ತದೆ ಅಂತ ಸರ್ಕಾರ ಕ್ರಿಸ್‌ಮಸ್ ರಜೆಯನ್ನೇ ತೆಗೆದುಹಾಕಿತು. 1970ಕ್ಕೆ ಒಂದು ಕೋಟಿ ಟನ್ ಸಕ್ಕರೆ ತೆಗೆಯಬೇಕು ಅನ್ನೋ ಗುರಿ ಇತ್ತು. ಗುರಿ ಮುಟ್ಟಲಿಲ್ಲ, ರಜೆಯೂ ಬೇಗ ವಾಪಸ್ ಬರಲಿಲ್ಲ. ಬಂದದ್ದು 1997ರಲ್ಲಿ, ಪೋಪ್ ಎರಡನೇ ಜಾನ್ ಪಾಲ್ ಭೇಟಿಗೆ ಸ್ವಲ್ಪ ಮುಂಚೆ. ಅದರ ನಡುವೆ ಕ್ಯೂಬಾಗೆ ಆಸರೆಯಾಗಿದ್ದ ಸೋವಿಯತ್ ಒಕ್ಕೂಟ ಒಡೆದು ಇಂಧನ, ಮೇವು, ಧಾನ್ಯ ಎಲ್ಲಕ್ಕೂ ಬರ ಬಂದಾಗ ಹವಾನಾದ ಫ್ಲಾಟ್‌ಗಳಲ್ಲಿ ಜನ ಬಚ್ಚಲುಮನೆಯಲ್ಲೇ ಹಂದಿ ಸಾಕಿದರು. ಅಷ್ಟು ಕಷ್ಟಪಟ್ಟರೂ ದಿನಾ ಪೋರ್ಕ್ ತಿನ್ನೋಕೆ ಆಗುತ್ತಿರಲಿಲ್ಲ. ತಟ್ಟೆ ತುಂಬಿಸಿದ್ದು ಅನ್ನ ಮತ್ತು ಕಾಳು. 1962ರಿಂದ ಇರುವ ರೇಷನ್ ಪುಸ್ತಕದಲ್ಲೂ ಮುಖ್ಯವಾದವು ಅವೇ. ಹಾಗಾಗಿ ಮನೆಯಲ್ಲಿ ಅಡುಗೆ ಮಾಡುವವರ ಕೈಚಳಕ ಕಾಳಿನ ಪಾತ್ರೆಯಲ್ಲಿ ಪಳಗಿತು. ಅದನ್ನೇ ನಾವು ಸೈಡ್ ಡಿಶ್ ಅಂತ ಕರೆದು ಮೂಲೆಗೆ ತಳ್ಳುವುದು ನನಗೆ ಬೇಜಾರು.

ಸರಿ, ಅಡುಗೆಗೆ ಬರೋಣ. ಅಂಗಡಿಯಲ್ಲಿ ಕಪ್ಪು ರಾಜ್ಮಾ ಅಂತ ಕೇಳಿ. ಉದ್ದಲ್ಲ, ಅಲಸಂದೆಯೂ ಅಲ್ಲ. ಸಿಗಲಿಲ್ಲ ಅಂದರೆ ಕೆಂಪು ರಾಜ್ಮಾ ತನ್ನಿ, ತಲೆ ಕೆಡಿಸಿಕೊಳ್ಳಬೇಡಿ. ಹವಾನಾ ಕಡೆ ಕಪ್ಪು ಕಾಳು ಜಾಸ್ತಿ, ಪೂರ್ವಕ್ಕೆ ಸಾಂತಿಯಾಗೊ ಕಡೆ ಹೋದರೆ ಕೆಂಪು ಕಾಳಿನಲ್ಲೇ ಅನ್ನ ಮಾಡಿ ಕೊಂಗ್ರಿ ಅಂತಾರೆ. ಮುನ್ನೂರು ಗ್ರಾಂ ಕಾಳನ್ನು ತೊಳೆದು ಒಂದೂವರೆ ಲೀಟರ್ ನೀರಲ್ಲಿ ರಾತ್ರಿ ನೆನೆಸಿ. ಕಪ್ಪು ಕಾಳಾದರೆ ನೆನೆಸಿದ ನೀರಲ್ಲೇ ಬೇಯಿಸಿ, ಅಲ್ಲಿನ ಎಷ್ಟೋ ಮನೆಗಳಲ್ಲಿ ಹಾಗೇ ಮಾಡೋದು, ಬಣ್ಣ ಉಳಿಯುತ್ತದೆ. ಅರ್ಧ ಹಸಿರು ದಪ್ಪಮೆಣಸಿನಕಾಯಿ, ಒಂದು ಪಲಾವ್ ಎಲೆ ಹಾಕಿ ಕುಕರ್ ಮುಚ್ಚಿ. ಮೊದಲ ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ಕೆಂಪು ಕಾಳಾದರೆ ನೆನೆಸಿದ ನೀರು ಚೆಲ್ಲಿ ಹೊಸ ನೀರು ಹಾಕಿ, ಇನ್ನೂ ಸ್ವಲ್ಪ ಹೊತ್ತು ಬಿಡಿ. ಕಾಳು ಬೆರಳಲ್ಲಿ ಹಿಸುಕಿದರೆ ಮೆತ್ತಗಿರಬೇಕು, ಸಿಪ್ಪೆ ಒಡೆದಿರಬಾರದು.

ಕುಕರ್ ಬಳಸಿದರೆ ಅಸಲಿ ಅಲ್ಲ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2005ರಲ್ಲಿ ಫಿಡೆಲ್ ಕಾಸ್ಟ್ರೊ ಮಹಿಳಾ ದಿನದ ಭಾಷಣದಲ್ಲೇ ಪ್ರೆಶರ್ ಕುಕರ್ ಮತ್ತು ರೈಸ್ ಕುಕರ್ ಹಂಚುವ ಬಗ್ಗೆ ಮಾತಾಡಿದ್ದರು, ಮನೆ ಮನೆಗೆ ಹಂಚಿದರು ಕೂಡ. ಕ್ಯೂಬಾದ ಅಡುಗೆಮನೆಯಲ್ಲೂ ಕಾಳು ಬೇಯೋದು ಕುಕರಿನಲ್ಲೇ.

ಈಗ ಪೋರ್ಕ್. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಓವನ್ ಇಲ್ಲ, ಇದ್ದರೂ ಇಡೀ ತೊಡೆ ಹಿಡಿಸುವಷ್ಟು ದೊಡ್ಡದಿರುವುದಿಲ್ಲ. ಅದಕ್ಕೇ ನಾನು ಮಾಸಾಸ್ ಮಾಡಿ ಅಂತೀನಿ, ತುಂಡು ಮಾಡಿ ತನ್ನ ಕೊಬ್ಬಿನಲ್ಲೇ ಕರಿದ ಪೋರ್ಕ್. ಇದೂ ಅಪ್ಪಟ ಕ್ಯೂಬಾದ್ದೇ. ಅಂಗಡಿಯವರಿಗೆ ಭುಜದ ಮಾಂಸ, ಕೊಬ್ಬು ಸಮೇತ ಅಂತ ಹೇಳಿ. ಕೊಬ್ಬು ತೆಗೆಸಿ ತಂದರೆ ಈ ಅಡುಗೆ ಆಗುವುದೇ ಇಲ್ಲ. ಒಂದು ಕಿಲೋ ಮಾಂಸಕ್ಕೆ ಒಂದು ಇಡೀ ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಒಂದು ಚಮಚ ಓರೆಗಾನೊ, ಉಪ್ಪು, ಎಲ್ಲ ಕುಟ್ಟಿ ಹುಳಿ ಕಿತ್ತಳೆ ರಸದಲ್ಲಿ ಕಲಸಿ. ಇದೇ ಮೊಹೊ, ಇದನ್ನು ಮಾಂಸದ ತುಂಡುಗಳಿಗೆ ಹಚ್ಚಿ ರಾತ್ರಿ ಫ್ರಿಜ್‌ನಲ್ಲಿಡಿ. ಹುಳಿ ಕಿತ್ತಳೆ ಸಿಗದಿದ್ದರೆ ಎರಡು ಪಾಲು ಕಿತ್ತಳೆ, ಒಂದು ಪಾಲು ನಿಂಬೆ. ಕಾಚಂಪುಳಿ ಹಾಕಬಹುದಾ ಅಂತ ಕೊಡಗಿನ ಗೆಳೆಯರು ಕೇಳುತ್ತಾರೆ. ಪೋರ್ಕಿಗೆ ಹುಳಿ ಬೇಕು ಅಂತ ಅವರಿಗೆ ಯಾರೂ ಹೇಳಬೇಕಾಗಿಲ್ಲ, ಆದರೆ ಇಲ್ಲಿ ಬೇಕಾಗಿರೋದು ಹಸಿ ಹಣ್ಣಿನ ಪರಿಮಳ, ಕಾಚಂಪುಳಿ ಅದನ್ನು ಮುಚ್ಚಿಬಿಡುತ್ತದೆ.

ಮತ್ತೆ ಖಾರ. ದಯವಿಟ್ಟು ಬೇಡ. ಅಚ್ಚ ಖಾರದ ಪುಡಿ, ಗರಂ ಮಸಾಲೆ, "ಸುಮ್ನೆ ಒಂಚೂರು" ಹಸಿಮೆಣಸಿನಕಾಯಿ, ಯಾವುದೂ ಬೇಡ. ಕ್ಯೂಬಾದ ಮನೆ ಅಡುಗೆ ಖಾರದ ಅಡುಗೆ ಅಲ್ಲ. ಖಾರ ಹಾಕಿದ ಕೂಡಲೇ ನಾಲಿಗೆಗೆ ಕಟ್ಟು ಸಿಗೋದೇ ಇಲ್ಲ, ಜೀರಿಗೆಯೂ ಸಿಗೋದಿಲ್ಲ, ನೀವು ರಾತ್ರಿಯಿಡೀ ನೆನೆಸಿದ್ದು ದಂಡ.

ರಾತ್ರಿ ಫ್ರಿಜ್‌ನಲ್ಲಿಟ್ಟ ಮಾಂಸಕ್ಕೆ ಅಂಟಿರೋ ಬೆಳ್ಳುಳ್ಳಿಯನ್ನು ಸವರಿ ತೆಗೆಯಿರಿ, ಇಲ್ಲದಿದ್ದರೆ ಕೊನೆಯಲ್ಲಿ ಸೀಯುತ್ತದೆ. ದಪ್ಪ ತಳದ ಬಾಣಲೆಗೆ ಹಾಕಿ, ಅರ್ಧ ಮುಳುಗುವಷ್ಟು ನೀರು ಬಿಟ್ಟು, ಮುಚ್ಚದೆ ಬೇಯಿಸಿ. ಮುಕ್ಕಾಲು ಗಂಟೆಯ ಹೊತ್ತಿಗೆ ನೀರು ಬತ್ತುತ್ತಾ ಬರುತ್ತದೆ. ಆಗ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳಿ. ಅಲ್ಲಿವರೆಗೆ ಕೊತಕೊತ ಅನ್ನುತ್ತಿದ್ದ ಬಾಣಲೆ ಒಂದು ಕ್ಷಣ ಸುಮ್ಮನಾದಂತೆ ಆಗಿ, ಆಮೇಲೆ ಚಟಪಟ ಶುರುವಾಗುತ್ತದೆ. ಕೆಳಗೆ ನೋಡಿದರೆ ನೀರಿನ ಮಬ್ಬು ಹೋಗಿ ತಿಳಿಯಾದ ಕೊಬ್ಬು ನಿಂತಿರುತ್ತದೆ. ಇನ್ನು ಮಧ್ಯಮ ಉರಿಯಲ್ಲಿ ಒಂದೊಂದೇ ತುಂಡು ತಿರುಗಿಸುತ್ತಾ ಎಲ್ಲ ಮಗ್ಗುಲೂ ಕೆಂಪಗೆ ಮಾಡಿ. ತೆಗೆದ ಮೇಲೆ ಈರುಳ್ಳಿ ಬಿಲ್ಲೆಗಳ ಮೇಲಿಟ್ಟು ಒಂದಿಷ್ಟು ಹೊಸ ರಸ ಹಿಂಡಿ.

ಬಾಣಲೆಯಲ್ಲಿ ಉಳಿದ ಕೊಬ್ಬು ಅನ್ನಕ್ಕೆ ಬೇಕು. ಅದಕ್ಕೇ ಪೋರ್ಕ್ ಮೊದಲು, ಅನ್ನ ಆಮೇಲೆ. ಮೂರು ಚಮಚ ಕೊಬ್ಬಿನಲ್ಲಿ ಒಂದು ಈರುಳ್ಳಿ, ಒಂದು ಹಸಿರು ದಪ್ಪಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿಯನ್ನು ಸಣ್ಣಗೆ ಹೆಚ್ಚಿ ನಿಧಾನಕ್ಕೆ ಬಾಡಿಸಿ. ಹತ್ತು ನಿಮಿಷ ಕೊಡಿ, ಆತುರ ಬೇಡ. ಇದು ಸೋಫ್ರಿತೊ. ಜೀರಿಗೆ ಪುಡಿ, ಓರೆಗಾನೊ ಹಾಕಿ. ತೊಳೆದು ಸೋಸಿದ ಎರಡು ಕಪ್ ಅಕ್ಕಿ ಹಾಕಿ ಕೊಬ್ಬು ಹತ್ತುವವರೆಗೆ ತಿರುವಿ. ಬಾಸ್ಮತಿ ಬೇಡ, ಅದರ ವಾಸನೆ ಇಲ್ಲಿ ಅಡ್ಡ ಬರುತ್ತದೆ, ಹಳೆಯ ಸೋನಾ ಮಸೂರಿ ಸಾಕು. ಈಗ ಬೆಂದ ಕಾಳಿನಲ್ಲಿ ಮೂರನೇ ಎರಡು ಪಾಲು, ಮೂರು ಕಪ್ ಅಳೆದ ಕಟ್ಟು, ಉಪ್ಪು, ಒಂದು ಚಮಚ ವಿನೆಗರ್. ನೀರು ಅಕ್ಕಿಯ ಮಟ್ಟಕ್ಕೆ ಇಳಿದಾಗ ಬಿಗಿಯಾಗಿ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ. ನಡುವೆ ಕೈಯಾಡಿಸಿದರೆ ಮುದ್ದೆಯಾಗುತ್ತದೆ. ಮುಚ್ಚಳ ತೆಗೆದಾಗ ಅನ್ನ ಬಿಳಿ ಇರಬಾರದು, ಬೂದು ಮಿಶ್ರಿತ ಕಂದು ಬಣ್ಣ ಬಂದಿರಬೇಕು. ಫೋಟೋಗೆ ಚೆನ್ನಾಗಿ ಕಾಣೋದಿಲ್ಲ, ನಿಜ. ಅದೇ ಕಾರಣಕ್ಕೆ ಜನ ಕಾಳು ತೊಳೆದು ಬಿಳಿ ಅನ್ನಕ್ಕೆ ಬೆರೆಸುತ್ತಾರೆ ಅಂತ ನನ್ನ ಗುಮಾನಿ. ಒಂದು ತುತ್ತು ಬಾಯಿಗಿಟ್ಟ ಮೇಲೆ ಫೋಟೋ ಯಾರಿಗೆ ಬೇಕು? ತಳ ಹಿಡಿದ ಗರಿಗರಿ ಪದರವನ್ನೂ ಬಿಡಬೇಡಿ, ಕೆರೆದು ಎಲ್ಲರಿಗೂ ಹಂಚಿ.

ಪಕ್ಕಕ್ಕೆ ಬಾಳೆಕಾಯಿ ಕರಿಯಿರಿ, ಬೆಣ್ಣೆಹಣ್ಣು ಸಿಕ್ಕಿದರೆ ಹೋಳು ಮಾಡಿ ಉಪ್ಪು ಹಾಕಿ. ಅಷ್ಟೇ ಸಾಕು.

ಮೂರನೇ ಒಂದು ಪಾಲು ಕಾಳು, ಉಳಿದ ಕಟ್ಟು ಇದೆಯಲ್ಲ, ಅದನ್ನು ಫ್ರಿಜ್‌ನಲ್ಲಿಡಿ. ಮಾರನೇ ದಿನ ಹೊಸದಾಗಿ ಸ್ವಲ್ಪ ಸೋಫ್ರಿತೊ ಮಾಡಿ ಅದಕ್ಕೆ ಸೇರಿಸಿ, ಚಿಟಿಕೆ ಸಕ್ಕರೆ, ಒಂದು ಚಮಚ ವಿನೆಗರ್ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ. ಪೋರ್ಕ್ ಅಷ್ಟೊತ್ತಿಗೆ ಖಾಲಿಯಾಗಿರುತ್ತದೆ, ಪರವಾಗಿಲ್ಲ. ಬಿಸಿ ಬಿಳಿ ಅನ್ನದ ಮೇಲೆ ಇದನ್ನು ಹಾಕಿಕೊಂಡು, ಒಂದು ಮೊಟ್ಟೆ ಎಣ್ಣೆಯಲ್ಲಿ ಒಡೆದು ಕರಿದು ಜೊತೆಗಿಟ್ಟು ತಿನ್ನಿ, ಆಮೇಲೆ ಎರಡರಲ್ಲಿ ಯಾವ ದಿನದ ಊಟ ಜಾಸ್ತಿ ಇಷ್ಟವಾಯಿತು ಅಂತ ನನಗೆ ಹೇಳಿ.